ಸುಣ್ಣದ ಡಬ್ಬಿ

ಶಹಾಬಾದಿಗಿ ಬಂದು ಒಂಬತ್ತು ದಿನ.
ಬಂದವರೆಲ್ಲ ಕೇಳೋದು ಒಂದೇ:
'ಎಲ್ಲಿ, ಒಂದಿಷ್ಟು ಸ್ಪ್ಯಾನಿಶ್ ಮಾತಾಡಿ ತೋರ್ಸವಾ.'
'ನನ್ನ ಅಂಗಿ ಹರದದ' ಅಂತೀನಿ ಅವರ ಮಾತಿನಾಗ.
'ವ್ಹಾ' ಅಂತಾರ, ಚಹಾ ಕುಡದು ಹೋಗ್ತಾರ.
ಮಶಾಕ್ ಕಾಕಾ ಮಾತ್ರ ಕಿವಿಗೊಟ್ಟು ಕೇಳಿ,
'ಕಮೀಸಾ ಅಂದ್ಯಲ್ಲ, ಕಮೀಸ್ ನಮ್ಮದವಾ!
ಅವರು ಯಾವಾಗ ಒಯ್ದರು?'

ಆರು ತಿಂಗಳು ವಾಹಾಕಾದಾಗ ಇದ್ದೆ, ಭೂಗರ್ಭಶಾಸ್ತ್ರ ಓದಲಿಕ್ಕ.
ಅಪ್ಪ ಹೋಗೋ ಮುಂದ ಅಂದಿದ್ದ:
'ಕಲ್ಲು ನೋಡ್ಲಿಕ್ಕ ಅಷ್ಟು ದೂರ ಯಾಕ?
ಮನಿ ಹಿಂದೇ ಖಣಿ ಅದಲ್ಲ.'

ನನ್ನ ಕೋಣಿ ಡೋನ್ಯಾ ಎಪಿಫಾನಿಯಾನ ಮನ್ಯಾಗ.
ಮೊದಲನೇ ರಾತ್ರಿ
ಮೆಕ್ಕಿಜೋಳ ಕುದಿಯೋ ಗಡಿಗ್ಯಾಗ
ಒಂದು ಮುಷ್ಟಿ ಸುಣ್ಣ ಹಾಕಿದಳು.
ಕೈ ಹಿಡಿಲಿಕ್ಕ ಹೋದೆ.
ಸುಣ್ಣ ಅಂದ್ರ ಗ್ವಾಡಿಗಿ ಹಚ್ಚೋದು,
ಇಲ್ಲಂದ್ರ ನಮ್ಮ ನೀಲಗಂಗತ್ತಿಯಂಗ
ಉಗುರಿನ ತುದೀಲಿ ಎಲಿ ಮ್ಯಾಲ ಒಂದು ಚುಕ್ಕಿ.
ಹೇಳಲಿಕ್ಕ ಮಾತಿಲ್ಲ.
ಗ್ವಾಡಿ ಬಡದು ಬಡದು ತೋರ್ಸಿದೆ.
ಆಕಿ ಗ್ವಾಡೀನೂ ನೋಡಿದಳು, ನನ್ನನ್ನೂ ನೋಡಿದಳು,
ಭಾಳೊತ್ತು ನಕ್ಕಳು.

ಮುಂಜಾನಿ ಸಿಪ್ಪಿ ಬಿಟ್ಟ ಕಾಳು ತೊಳದು ಬೀಸಿ
ರೊಟ್ಟಿ ಮಾಡಿದಳು.
'ಸಪ್ಪಳ ನಮ್ಮ ಜೋಳದ ರೊಟ್ಟೀದೇ' ಅಂತ
ಊರಿಗಿ ಫೋನಿನಾಗ ಹೇಳಿದ್ದೆ. ಸುಳ್ಳು.
ನಮ್ಮದು ಬಡಿಯೋದು, ಅವರದು ಚಪ್ಪಾಳಿ.
ವಾಸನಿ ಮಾತ್ರ
ಮಳಿ ಬಿದ್ದ ಹೊಸ ಗ್ವಾಡೀದು.

ಆಕಿ ಮನಿಮಾತು ಸಾಪೊತೆಕ್.
ಸ್ಪ್ಯಾನಿಶ್ ಏನಿದ್ರೂ ಬಜಾರಕ್ಕ, ಬ್ಯಾಂಕಿಗಿ, ಡಾಕ್ಟರಿಗಿ.
ಕೌಂಟರಿನ ಹುಡುಗ ಆಕಿ ಮಾತು ತಿದ್ದಿ ನಕ್ಕಾಗ
ಮೈಸೂರಿನ ಶಿಬಿರ ನೆನಪಾತು.
'ಊಟ ಮಾಡ್ಲತ್ತೀನಿ' ಅಂದಿದ್ದಕ್ಕ
ಇಡೀ ಮೆಸ್ಸು ತಿರುಗಿ ನೋಡಿತ್ತು.
ನಾವಿಬ್ಬರೂ ಕಡ ತಂದ ಕಮೀಸ ತೊಟ್ಟವರು,
ಒಬ್ಬರ ಗುಂಡಿ ಒಬ್ಬರು ಹಾಕಿ
ಮನಿಗಿ ಬಂದಿವಿ.

ಕ್ಲಾಸಿನಾಗ ರೆನಾತಾ ಮೇಡಂ ಕಲಿಸಿದ್ದು:
'ಇರೋದಕ್ಕ' ಅಲ್ಲಿ ಎರಡು ಕ್ರಿಯಾಪದ.
ಒಂದು, ಯಾವತ್ತಿಗೂ ಆಗಿರೋದಕ್ಕ:
ನಾನು ಕಲ್ಲು ಕಡಿಯವನ ಮಗಳು.
ಇನ್ನೊಂದು, ಸದ್ಯಕ್ಕ ಇರೋದಕ್ಕ:
ನೆಗಡಿ ಆಗ್ಯಾದ. ಬಾಗಲ ತೆಗದದ.
ನಾನು ವಾಹಾಕಾದಾಗ ಇದ್ದೀನಿ.

ಮಾರ್ಚಿನಾಗ ಫೋನ್ ಬಂತು.
ಅಲ್ಲಿ ನಸುಕಿನ ಮೂರು, ಇಲ್ಲಿ ಸುಡೋ ಮಧ್ಯಾಹ್ನ.
'ನೀಲಗಂಗಕ್ಕ ಹ್ವಾದಳು' ಅಂದ ಅಪ್ಪ.
ಹಿಂದ ಕಲ್ಲು ಕೊಯ್ಯೋ ಮಷಿನು ನಡದೇ ಇತ್ತು.
ಯಾರೋ ಓಡಿ ಬಂದ್ ಮಾಡಿದರು.
ಬಂದ್ ಆದ ಮ್ಯಾಲ ಕೇಳಿಸಿದ್ದು
ನನಗ ಇನ್ನಾ ಕೇಳಿಸ್ತದ.

ಎರಡು ದಿನ ಬಿಟ್ಟು ಪ್ರಬಂಧ: ನನ್ನ ಮನಿ ಮಂದಿ.
'ನಮ್ಮ ಅತ್ತಿ ಸತ್ತಾಳ' ಅಂತ ಬರದೆ.
ಮೊದಲನೇ ಕ್ರಿಯಾಪದ ಹಾಕಿದ್ದೆ.
ಇದಕ್ಕಿಂತ ಖಾಯಂ ಮತ್ತೇನಿರ್ತದ?
ಮೇಡಂ ಕೆಂಪು ಗೆರಿ ಎಳದು
ಎರಡನೇದು ಬರದಳು.
'ಯಾಕ?'
'ಹಂಗೇ. ವ್ಯಾಕರಣಕ್ಕ ಕಾರಣ ಇರಲ್ಲ.'
ಆಮ್ಯಾಲ ನನ್ನ ಮುಖ ನೋಡಿ
ಪೆನ್ನು ಕೆಳಗಿಟ್ಟಳು.

ನೆಗಡಿಯಂಗ.
ತೆಗದ ಬಾಗಲದಂಗ.

ಇವತ್ತು ಮಾಡದಾಗ ಅತ್ತಿಯ ಸುಣ್ಣದ ಡಬ್ಬಿ ಸಿಕ್ತು.
ಮುಚ್ಚಳ ಸಡಲಾಗಿತ್ತು. ಒಳಗೆಲ್ಲ ಒಣಗ್ಯಾದ.
ಆಕಿ ಬಳ್ಳಿನ ಕುಳಿ ಹಂಗೇ ಅದ,
ನನ್ನ ಬಳ್ಳು ಅದರಾಗ ಹಿಡಸಲಿಲ್ಲ.
ನೀರು ಹನಿಸಿದೆ. ಕರಗಲಿಲ್ಲ.
ಕರಗಂಗಿಲ್ಲ ಅಂತ ಗೊತ್ತು, ಅದನ್ನೇ ಓದೀನಿ:
ಕಲ್ಲು ಸುಟ್ಟರ ಸುಣ್ಣ,
ಸುಣ್ಣ ಗಾಳಿ ಕುಡದು ಕುಡದು ಮತ್ತ ಕಲ್ಲು.
ಎಂಟು ಮಾರ್ಕಿನ ಪ್ರಶ್ನೆ, ಎಂಟೂ ಬಂದಿದ್ವು.

ಈ ಕಲ್ಲಿಗಿ ಯಾವ ಕ್ರಿಯಾಪದ, ಮೇಡಂ,
ಅಂತ ಮೆಸೇಜ್ ಬರದು ಅಳಿಸಿದೆ.

ಅಂಗಳದಾಗ ಮಶಾಕ್ ಕಾಕಾ
ಅಂಗೈಯಾಗ ತಂಬಾಕ ತಿಕ್ಕೋತ ಕೂಗಿದ:
'ಸುಣ್ಣ ಅದ ಏನವಾ, ನಿಮ್ಮತ್ತೀದು?'

'ಅದ' ಅಂದುಬಿಟ್ಟೆ.
ಅಂದು, ಡಬ್ಬಿ ಮುಚ್ಚಿ,
ಹಿಂದಿನ ಬಾಗಲದಿಂದ
ಅಂಗಡಿಗಿ ಓಡಿದೆ.